ಎಫ್‌ಸಿ ಬಾಸೆಲ್: ಸ್ವಿಟ್ಜರ್ಲೆಂಡಿನ ಕೆಂಪು-ನೀಲಿ ಕ್ಲಬ್ಬಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಸೆಲ್ ಎಂಬ ಹೆಸರನ್ನು ಎಲ್ಲೋ ಕೇಳಿದ ನೆನಪು. ಇದು ಮಂಗಳೂರಿನ ಬಾಸೆಲ್ ಮಿಷನ್ನಿನ ಬಾಸೆಲೇ?

ಹೌದು, ಊರು ಅದೇ. ರೈನ್ ನದಿ ಉತ್ತರಕ್ಕೆ ತಿರುಗುವ ಕಡೆ, ಸ್ವಿಟ್ಜರ್ಲೆಂಡ್, ಜರ್ಮನಿ ಮತ್ತು ಫ್ರಾನ್ಸ್ ದೇಶಗಳ ಗಡಿಗಳು ಸೇರುವ ಜಾಗದಲ್ಲಿರುವ ಈ ನಗರದಲ್ಲಿ 1815ರಲ್ಲಿ ಆರಂಭವಾದ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು; ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ', ಕಿಟ್ಟೆಲರ ನಿಘಂಟು, ಹೆಂಚಿನ ಕಾರ್ಖಾನೆಗಳು ಎಲ್ಲವೂ ಅದರ ಬಳುವಳಿ. ಮಿಷನ್ನಿಗೂ ಫುಟ್‌ಬಾಲ್ ಕ್ಲಬ್ಬಿಗೂ ಊರಿನ ಹೆಸರನ್ನು ಬಿಟ್ಟರೆ ಬೇರೆ ನಂಟಿಲ್ಲ. ಆದರೂ ಕ್ಲಬ್ ಹುಟ್ಟಿದ್ದು 1893ರಲ್ಲಿ, ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ ಎಂಬುದನ್ನು ಜೊತೆಯಲ್ಲಿಟ್ಟು ನೋಡಿದರೆ, ಆ ಕ್ಲಬ್ ಎಷ್ಟು ಹಳೆಯದು ಎಂಬ ಅಂದಾಜು ಕನ್ನಡದ ಓದುಗರಿಗೆ ಬೇಗ ಸಿಗುತ್ತದೆ.

ಕ್ಲಬ್ ಹುಟ್ಟಿದ್ದು ಹೇಗೆ?

ಒಂದು ಪತ್ರಿಕಾ ಜಾಹೀರಾತಿನಿಂದ. ರೋಲಾಂಡ್ ಗೆಲ್ಡ್ನರ್ ಎಂಬಾತ 1893ರ ನವೆಂಬರ್‌ನಲ್ಲಿ ಸ್ಥಳೀಯ ಪತ್ರಿಕೆಯೊಂದರಲ್ಲಿ, ಫುಟ್‌ಬಾಲ್ ಆಡುವ ಆಸಕ್ತಿಯುಳ್ಳವರು ಬಂದು ಸೇರಬೇಕೆಂದು ಪ್ರಕಟಣೆ ಕೊಟ್ಟ. ಬಂದವರು ಹನ್ನೊಂದು ಮಂದಿ, ಅಂದರೆ ಸರಿಯಾಗಿ ಒಂದು ತಂಡಕ್ಕೆ ಸಾಕಾಗುವಷ್ಟು. ಅವರಲ್ಲಿ ಹೆಚ್ಚಿನವರು ವಿದ್ಯಾವಂತ ವಲಯದವರು. ನವೆಂಬರ್ 15ರಂದು ಕ್ಲಬ್ ಸ್ಥಾಪನೆಯಾಯಿತು. ಎದುರಾಳಿಗಳು ಸುಲಭವಾಗಿ ಸಿಗದ ಕಾಲವಾದ್ದರಿಂದ ಡಿಸೆಂಬರ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಕ್ಲಬ್ಬಿನ ಸದಸ್ಯರೇ ಎರಡು ಪಾಲಾಗಿ ತಮ್ಮತಮ್ಮಲ್ಲೇ ಆಡಿಕೊಂಡರು.

ಬಾರ್ಸಿಲೋನಾ ತಂಡದ ಕೆಂಪು-ನೀಲಿ ಬಣ್ಣ ಬಾಸೆಲ್‌ನಿಂದ ಹೋದದ್ದು ಎನ್ನುತ್ತಾರೆ. ಇದು ನಿಜವೇ?

ಇದು ಈ ಕ್ಲಬ್ಬಿನ ಬಗ್ಗೆ ಅತಿ ಹೆಚ್ಚು ಕೇಳುವ ಪ್ರಶ್ನೆ. ಅತಿ ಹೆಚ್ಚು ಅವಸರದ ಉತ್ತರ ಪಡೆಯುವ ಪ್ರಶ್ನೆಯೂ ಇದೇ. ಆದ್ದರಿಂದ ಖಚಿತವಾಗಿರುವುದನ್ನು ಮೊದಲು ಹೇಳುವುದು ಒಳ್ಳೆಯದು. ಹಾನ್ಸ್ ಗಾಂಪರ್ 1877ರಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಪಟ್ಟಣದಲ್ಲಿ ಹುಟ್ಟಿದವನು. ಎಫ್‌ಸಿ ಜ್ಯೂರಿಖ್ ಕ್ಲಬ್ಬಿನ ಸ್ಥಾಪಕರಲ್ಲಿ ಒಬ್ಬನಾದ ಆತ ಕೆಲಕಾಲ ಬಾಸೆಲ್ ಪರವಾಗಿಯೂ ಆಡಿದ್ದ. ಮುಂದೆ ಬಾರ್ಸಿಲೋನಾ ಸೇರಿ, ಆ ಊರಿಗೆ ತಕ್ಕಂತೆ ತನ್ನ ಹೆಸರನ್ನು ಜುವಾನ್ ಎಂದು ಬದಲಿಸಿಕೊಂಡು, 1899ರ ಅಕ್ಟೋಬರ್ 22ರಂದು 'ಲೋಸ್ ದೆಪೋರ್ತೆಸ್' ಪತ್ರಿಕೆಯಲ್ಲಿ ಆಟಗಾರರು ಬೇಕೆಂದು ಪ್ರಕಟಣೆ ಕೊಟ್ಟ. ಬಾಸೆಲ್ ಕ್ಲಬ್ ಹುಟ್ಟಿದ ರೀತಿಯೇ ಇಲ್ಲಿಯೂ ಮರುಕಳಿಸಿದ್ದನ್ನು ಗಮನಿಸಬಹುದು. ನವೆಂಬರ್ 29ರಂದು ಎಫ್‌ಸಿ ಬಾರ್ಸಿಲೋನಾ ಸ್ಥಾಪನೆಯಾಯಿತು. ಅದರ ಮೊದಲ ಅಂಗಿಯಲ್ಲಿ ಅರ್ಧ ನೀಲಿ, ಅರ್ಧ ಕೆಂಪು ಇತ್ತು.

ಇಲ್ಲಿಂದ ಮುಂದಿನದೆಲ್ಲ ಊಹೆ. ಗಾಂಪರ್ ತನ್ನ ಹಳೆಯ ಕ್ಲಬ್ಬಿನ ನೆನಪಿಗೆ ಆ ಬಣ್ಣಗಳನ್ನು ಆರಿಸಿದ ಎಂಬುದು ಒಂದು ವಾದ. ಆರಂಭದ ಆಟಗಾರರಲ್ಲಿದ್ದ ವಿಟ್ಟಿ ಸಹೋದರರು ಓದಿದ ಇಂಗ್ಲೆಂಡಿನ ಮರ್ಚೆಂಟ್ ಟೇಲರ್ಸ್ ಶಾಲೆಯ ಬಣ್ಣಗಳೇ ಅವು ಎಂಬುದು ಇನ್ನೊಂದು. ಅಂದಿನ ಗುಮಾಸ್ತರು ಲೆಕ್ಕ ಬರೆಯಲು ಬಳಸುತ್ತಿದ್ದ, ಒಂದು ತುದಿ ಕೆಂಪು ಮತ್ತೊಂದು ತುದಿ ನೀಲಿಯಾಗಿದ್ದ ಪೆನ್ಸಿಲ್‌ನಿಂದ ಅವು ಬಂದವು ಎಂಬ ಕಥೆಯೂ ಇದೆ. ಕೆಂಪು-ನೀಲಿ ಧ್ವಜವಿರುವ, ಸ್ವಿಟ್ಜರ್ಲೆಂಡಿನದೇ ಆದ ಟಿಚೀನೋ ಪ್ರಾಂತ್ಯವನ್ನು ತೋರಿಸುವವರೂ ಇದ್ದಾರೆ. ಬಾಸೆಲ್‌ನವರಿಗೆ ಮೊದಲನೆಯದೇ ನಿಜ, ಅದರಲ್ಲಿ ಅವರಿಗೆ ಅನುಮಾನವೇ ಇಲ್ಲ. ಈ ಪುಟದ ಲೇಖಕನ ಅಭಿಪ್ರಾಯದಲ್ಲಿ ನಾಲ್ಕರಲ್ಲಿ ಹೆಚ್ಚು ನಂಬಬಹುದಾದದ್ದು ಅದೇ ಆದರೂ, ನಂಬಬಹುದಾದದ್ದೆಲ್ಲ ಸಾಬೀತಾದದ್ದಲ್ಲ.

ಇದಕ್ಕೆ ಸೇರಿಸಬೇಕಾದ ಒಂದು ಸಂಗತಿಯಂತೂ ಸಂಪೂರ್ಣ ದಾಖಲಾಗಿದೆ. ಬಾರ್ಸಿಲೋನಾ ತಂಡ ಯುರೋಪಿನ ಕಪ್ ವಿನ್ನರ್ಸ್ ಕಪ್ ಅನ್ನು ಮೊದಲ ಬಾರಿಗೆ ಗೆದ್ದದ್ದು 1979ರ ಮೇ 16ರಂದು, ಜರ್ಮನಿಯ ಫೋರ್ಟೂನಾ ಡ್ಯುಸೆಲ್‌ಡಾರ್ಫ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 4-3ರಿಂದ ಸೋಲಿಸಿ. ಆ ಪಂದ್ಯ ನಡೆದದ್ದು ಬಾಸೆಲ್‌ನ ಸಾಂಕ್ಟ್ ಯಾಕೋಬ್ ಕ್ರೀಡಾಂಗಣದಲ್ಲಿ.

ಜರ್ಮನಿಯ ಮೊದಲ ಅಂತರರಾಷ್ಟ್ರೀಯ ಪಂದ್ಯಕ್ಕೂ ಬಾಸೆಲ್‌ಗೂ ಏನು ಸಂಬಂಧ?

ಆ ಪಂದ್ಯ ನಡೆದದ್ದೇ ಬಾಸೆಲ್ ಕ್ಲಬ್ಬಿನ ಹಳೆಯ ಮೈದಾನವಾದ ಲಾಂಡ್‌ಹೋಫ್‌ನಲ್ಲಿ. ಮುಂದೆ ನಾಲ್ಕು ಬಾರಿ ವಿಶ್ವಕಪ್ ಗೆದ್ದ ಜರ್ಮನಿ 1908ರ ಏಪ್ರಿಲ್ 5ರಂದು ತನ್ನ ಚೊಚ್ಚಲ ಪಂದ್ಯ ಆಡಲು ಗಡಿ ದಾಟಿ ಇಲ್ಲಿಗೆ ಬಂದು, ಸ್ವಿಟ್ಜರ್ಲೆಂಡ್ ಎದುರು 3-5ರಿಂದ ಸೋತು ಮರಳಿತು. ಲಾಂಡ್‌ಹೋಫ್ ರೈನ್ ನದಿಯ ಬಲದಂಡೆಯ ಕ್ಲೈನ್‌ಬಾಸೆಲ್, ಅಂದರೆ 'ಚಿಕ್ಕ ಬಾಸೆಲ್' ಬಡಾವಣೆಯಲ್ಲಿ ಮನೆಗಳ ನಡುವೆ ಇಂದಿಗೂ ಹಸಿರಾಗಿ ಉಳಿದಿದೆ.

ಕ್ರೀಡಾಂಗಣವನ್ನು 'ಯೊಗ್ಗೆಲಿ' ಎಂದು ಕರೆಯುವುದೇಕೆ? ಅದರೊಳಗೆ ವೃದ್ಧರ ವಸತಿ ಇದೆಯೆಂಬುದು ಹೌದೇ?

ನಮ್ಮಲ್ಲಿ ವೆಂಕಟೇಶ ವೆಂಕಟಿಯಾಗುವಂತೆ ಬಾಸೆಲ್‌ನ ಆಡುನುಡಿಯಲ್ಲಿ ಯಾಕೋಬ್ 'ಯೊಗ್ಗೆಲಿ'ಯಾಗುತ್ತಾನೆ. ಅಧಿಕೃತ ಹೆಸರು ಸಾಂಕ್ಟ್ ಯಾಕೋಬ್ ಪಾರ್ಕ್. ಊರಿನವರ ಬಾಯಲ್ಲಿ ಯೊಗ್ಗೆಲಿ. ಹಳೆಯ ಕ್ರೀಡಾಂಗಣವನ್ನು 1954ರ ವಿಶ್ವಕಪ್‌ಗಾಗಿ ಕಟ್ಟಲಾಗಿತ್ತು. ಆ ವಿಶ್ವಕಪ್‌ನಲ್ಲಿ ಹಂಗೇರಿ ಪಶ್ಚಿಮ ಜರ್ಮನಿಯನ್ನು 8-3ರಿಂದ ಬಗ್ಗುಬಡಿದದ್ದು ಇಲ್ಲಿಯೇ, ಹತ್ತು ದಿನಗಳ ನಂತರ ಅದೇ ಜರ್ಮನಿ ಸೆಮಿಫೈನಲ್‌ನಲ್ಲಿ ಆಸ್ಟ್ರಿಯಾವನ್ನು 6-1ರಿಂದ ಸೋಲಿಸಿದ್ದೂ ಇಲ್ಲಿಯೇ.

ಈಗಿನ ಕಟ್ಟಡ 2001ರ ಮಾರ್ಚ್‌ನಲ್ಲಿ ತೆರೆದದ್ದು. ಬಾಸೆಲ್‌ನವರೇ ಆದ ವಾಸ್ತುಶಿಲ್ಪಿಗಳು ಹೆರ್ಟ್‌ಸೋಗ್ ಮತ್ತು ಡೆ ಮ್ಯೂರೋನ್ ಇದನ್ನು ವಿನ್ಯಾಸ ಮಾಡಿದರು. ಇವರೇ ಮುಂದೆ ಮ್ಯೂನಿಕ್‌ನ ಅಲಿಯಾನ್ಸ್ ಅರೇನಾ ಮತ್ತು ಬೀಜಿಂಗ್ ಒಲಿಂಪಿಕ್ಸ್‌ನ 'ಹಕ್ಕಿಗೂಡು' ಕ್ರೀಡಾಂಗಣಗಳ ವಿನ್ಯಾಸದಲ್ಲೂ ತೊಡಗಿದವರು. ಹೊರಗೋಡೆಯ ತುಂಬ ಗುಳ್ಳೆಗಳಂತೆ ಉಬ್ಬಿದ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಗಳಿವೆ. ಅವುಗಳ ಹಿಂದೆ ದೀಪ ಹೊತ್ತಿಸಿದಾಗ ಗೋಡೆ ಕೆಂಪಗೆ ಬೆಳಗುತ್ತದೆ.

ವೃದ್ಧರ ವಸತಿಯ ಮಾತೂ ನಿಜ. ಆಟದ ಆದಾಯವೊಂದರಿಂದಲೇ ಇಷ್ಟು ದೊಡ್ಡ ಕಟ್ಟಡ ನಡೆಯುವುದು ಕಷ್ಟವೆಂದು ಕ್ರೀಡಾಂಗಣದ ಜೊತೆಗೇ ವ್ಯಾಪಾರ ಮಳಿಗೆಗಳನ್ನೂ ಹಿರಿಯ ನಾಗರಿಕರ ವಸತಿಗೃಹವನ್ನೂ ಕಟ್ಟಲಾಯಿತು. ಮೊಮ್ಮಗ ಗ್ಯಾಲರಿಯಲ್ಲಿ ಕೂಗುತ್ತಿರುವಾಗ ಅಜ್ಜಿ ಅದೇ ಕಟ್ಟಡದ ತನ್ನ ಕೋಣೆಯಲ್ಲಿ ಕಾಫಿ ಕುಡಿಯುತ್ತಿರಬಹುದಾದ ಕ್ರೀಡಾಂಗಣಗಳು ಯುರೋಪಿನಲ್ಲಿ ಹೆಚ್ಚಿಲ್ಲ. ಇಲ್ಲಿ 2016ರಲ್ಲಿ ಯುರೋಪಾ ಲೀಗ್ ಫೈನಲ್ ನಡೆದು ಸೆವಿಯಾ ತಂಡ ಲಿವರ್‌ಪೂಲನ್ನು 3-1ರಿಂದ ಸೋಲಿಸಿತು. 2025ರ ಜುಲೈನಲ್ಲಿ ಮಹಿಳೆಯರ ಯುರೋ ಫೈನಲ್‌ನಲ್ಲಿ ಇಂಗ್ಲೆಂಡ್ ಸ್ಪೇನನ್ನು ಪೆನಾಲ್ಟಿಗಳಲ್ಲಿ ಮಣಿಸಿತು.

ಎದುರಾಳಿಗಳು ಮೈದಾನದಲ್ಲೇ ಕುಳಿತುಬಿಟ್ಟ ಕಪ್ ಫೈನಲ್ ಯಾವುದು?

1967ರ ಮೇ 15ರಂದು ಬರ್ನ್ ನಗರದ ವಾಂಕ್‌ಡೋರ್ಫ್ ಕ್ರೀಡಾಂಗಣದಲ್ಲಿ ಬಾಸೆಲ್ ಮತ್ತು ಲೊಸಾನ್ ತಂಡಗಳ ನಡುವೆ ನಡೆದ ಸ್ವಿಸ್ ಕಪ್ ಫೈನಲ್. ಪಂದ್ಯ 1-1ರಲ್ಲಿ ಸಮನಾಗಿತ್ತು. ಮುಗಿಯಲು ಕೆಲವೇ ನಿಮಿಷಗಳು ಉಳಿದಿದ್ದವು. ಆಗ ರೆಫರಿ ಬಾಸೆಲ್‌ಗೆ ಪೆನಾಲ್ಟಿ ಕೊಟ್ಟರು. ಹೆಲ್ಮುಟ್ ಹೌಸರ್ ಅದನ್ನು ಗೋಲಾಗಿಸಿ 2-1 ಮಾಡಿದ. ಲೊಸಾನ್ ಆಟಗಾರರಿಗೆ ಆ ತೀರ್ಪು ಒಪ್ಪಿಗೆಯಾಗಲಿಲ್ಲ. ಅವರು ರೆಫರಿಯ ಮೇಲೆ ಏರಿಹೋಗಲಿಲ್ಲ, ಮೈದಾನ ಬಿಟ್ಟೂ ಹೋಗಲಿಲ್ಲ. ಹುಲ್ಲಿನ ಮೇಲೆ ಕುಳಿತರು. ನಮ್ಮ ಕಡೆ ಕಚೇರಿಗಳ ಮುಂದೆ ಧರಣಿ ಕೂರುವ ರೀತಿಯಲ್ಲಿಯೇ ಕುಳಿತವರು ಮತ್ತೆ ಆಡಲು ಏಳಲೇ ಇಲ್ಲ. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿ, ನಂತರ ಬಾಸೆಲ್ 3-0ರಿಂದ ಗೆದ್ದಿತೆಂದು ಘೋಷಿಸಲಾಯಿತು. ದಾಖಲೆಯ ಪುಸ್ತಕದಲ್ಲಿ 3-0 ಎಂದಷ್ಟೇ ಓದುವವರಿಗೆ ಅದು ಏಕಪಕ್ಷೀಯ ಪಂದ್ಯವೆನಿಸುವುದು ಸಹಜ. ಆ ಋತುವಿನಲ್ಲಿ ಬಾಸೆಲ್ ಲೀಗನ್ನೂ ಗೆದ್ದು ತನ್ನ ಮೊದಲ ಜೋಡಿ ಪ್ರಶಸ್ತಿ ಪಡೆಯಿತು.

ಆ ಕಾಲದ ಯಶಸ್ಸಿಗೆ ಕಾರಣ ಯಾರು?

ಹೆಲ್ಮುಟ್ ಬೆಂಟ್‌ಹೌಸ್. 1965ರಲ್ಲಿ ಆಟಗಾರನಾಗಿಯೂ ತರಬೇತುದಾರನಾಗಿಯೂ ಜರ್ಮನಿಯಿಂದ ಬಂದ ಈತ ಹದಿನೇಳು ವರ್ಷ ಇಲ್ಲಿಯೇ ಇದ್ದು 1967ರಿಂದ 1980ರ ನಡುವೆ ಏಳು ಲೀಗ್ ಪ್ರಶಸ್ತಿಗಳನ್ನು ಗೆದ್ದುಕೊಟ್ಟ. ನಂತರ ಶ್ಟುಟ್‌ಗಾರ್ಟ್‌ಗೆ ಹೋಗಿ 1984ರಲ್ಲಿ ಜರ್ಮನಿಯ ಬುಂಡೆಸ್‌ಲೀಗವನ್ನೂ ಗೆದ್ದ. ತರಬೇತುದಾರರನ್ನು ಆರು ತಿಂಗಳಿಗೊಮ್ಮೆ ಬದಲಿಸುವ ಇಂದಿನ ರೂಢಿಗೆ ಹೋಲಿಸಿದರೆ ಹದಿನೇಳು ವರ್ಷವೆನ್ನುವುದು ಬೇರೆ ಯುಗದ ಮಾತು.

ಅವನ ತಂಡದ ಮಿಡ್‌ಫೀಲ್ಡರ್ ಕಾರ್ಲ್ ಓಡರ್‌ಮಾಟ್, ಊರಿಗೆಲ್ಲ 'ಕಾರ್ಲಿ'. ಸ್ವಿಟ್ಜರ್ಲೆಂಡ್ ಪರ 50 ಪಂದ್ಯ ಆಡಿದ ಅವನಿಗೆ 'ಕಾರ್ಲಿ, ಇನ್ನೊಂದು ಗೋಲು' ಎಂಬರ್ಥದ ಕೂಗು ಬಾಸೆಲ್ ನುಡಿಯಲ್ಲಿ ಇಂದಿಗೂ ಅಂಟಿಕೊಂಡಿದೆ. 1971ರಲ್ಲಿ ಗಡಿಯಾಚೆಯ ಲೋರಾಖ್ ಪಟ್ಟಣದಿಂದ ಒಬ್ಬ ಮುಂಪಡೆಯ ಆಟಗಾರನೂ ತಂಡಕ್ಕೆ ಬಂದ. ಗಣಿತದ ಮೇಷ್ಟರಾಗಲು ಓದುತ್ತಿದ್ದ ಆ ಯುವಕ 1972-73ರಲ್ಲಿ ಸ್ವಿಸ್ ಲೀಗಿನ ಅತಿ ಹೆಚ್ಚು ಗೋಲುಗಳ ಸರದಾರನಾದ. ಡೋರ್ಟ್‌ಮುಂಡ್ ಮತ್ತು ಬಯರ್ನ್ ಮ್ಯೂನಿಕ್ ಎಂಬ ಎರಡು ಬೇರೆ ಬೇರೆ ಕ್ಲಬ್ಬುಗಳಿಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ತರಬೇತುದಾರ ಒಟ್ಮಾರ್ ಹಿಟ್ಸ್‌ಫೆಲ್ಡ್ ಆತನೇ.

ಪೆರುವಿನ ದಂತಕಥೆ ಕುಬಿಯಾಸ್ ನಿಜವಾಗಿಯೂ ಬಾಸೆಲ್ ಪರ ಆಡಿದ್ದರೇ?

ಆಡಿದ್ದರು, ಆದರೆ ಕೆಲವೇ ತಿಂಗಳು. 1970ರ ವಿಶ್ವಕಪ್‌ನಲ್ಲಿ ಐದು ಗೋಲು ಹೊಡೆದು ಹೆಸರಾಗಿದ್ದ ತೆಯೋಫಿಲೋ ಕುಬಿಯಾಸ್ 1973ರಲ್ಲಿ ಬಾಸೆಲ್‌ಗೆ ಬಂದು, ಒಂದು ಋತು ಮುಗಿಯುವ ಮೊದಲೇ ಪೋರ್ಚುಗಲ್‌ನ ಪೋರ್ಟೊ ಸೇರಿದರು.

ಕ್ಲಬ್ಬಿನ ಇತಿಹಾಸದಲ್ಲಿ ಅತಿ ದೊಡ್ಡ ಗೋಲುಗಾರ ಯಾರು?

ಯೋಸೆಫ್ ಹ್ಯೂಗಿ, ಊರಿನವರಿಗೆ 'ಸೆಪ್ಪೆ'. 1953ರಲ್ಲಿ ಬಾಸೆಲ್ ಮೊದಲ ಬಾರಿಗೆ ಲೀಗ್ ಗೆದ್ದಾಗ ತಂಡದಲ್ಲಿದ್ದವನು. ಮರುವರ್ಷದ ವಿಶ್ವಕಪ್‌ನಲ್ಲಿ ಆರು ಗೋಲು ಹೊಡೆದ. ಅದಕ್ಕಿಂತ ಹೆಚ್ಚು ಹೊಡೆದವನು ಹಂಗೇರಿಯ ಕೊಚಿಶ್ ಒಬ್ಬನೇ. ಆ ಆರರಲ್ಲಿ ಮೂರು ಬಂದದ್ದು ಲೊಸಾನ್‌ನಲ್ಲಿ ಉರಿಬಿಸಿಲಿನಲ್ಲಿ ನಡೆದ ಕ್ವಾರ್ಟರ್ ಫೈನಲ್‌ನಲ್ಲಿ. ಇಪ್ಪತ್ತು ನಿಮಿಷಗಳೊಳಗೆ 3-0 ಮುಂದಿದ್ದ ಸ್ವಿಟ್ಜರ್ಲೆಂಡ್ ಕೊನೆಗೆ ಆಸ್ಟ್ರಿಯಾಕ್ಕೆ 5-7ರಿಂದ ಸೋತಿತು. ಒಟ್ಟು ಹನ್ನೆರಡು ಗೋಲುಗಳ ಆ ದಾಖಲೆಯನ್ನು ವಿಶ್ವಕಪ್‌ನ ಯಾವ ಪಂದ್ಯವೂ ಮುರಿದಿಲ್ಲ. ಹ್ಯಾಟ್ರಿಕ್ ಹೊಡೆದೂ ಸೋತವನ ಹೆಸರು ಯಾರಿಗೆ ನೆನಪಿರುತ್ತದೆ! 1960ರ ಅಕ್ಟೋಬರ್‌ನಲ್ಲಿ ಬಾಸೆಲ್‌ನಲ್ಲಿಯೇ ಫ್ರಾನ್ಸನ್ನು 6-2ರಿಂದ ಸೋಲಿಸಿದ ಪಂದ್ಯದಲ್ಲಿ ಐದು ಗೋಲುಗಳು ಅವನವೇ.

ಕ್ಲಬ್ ಎರಡನೇ ದರ್ಜೆಗೆ ಇಳಿದದ್ದುಂಟೇ?

ಉಂಟು. 1988ರಲ್ಲಿ ಕೆಳದರ್ಜೆಗೆ ಜಾರಿದ ತಂಡ ಆರು ಋತುಗಳ ಕಾಲ ಅಲ್ಲಿಯೇ ಹೆಣಗಾಡಿ 1994ರಲ್ಲಿ ಮೇಲೆ ಬಂದಿತು. 1980ರ ನಂತರದ ಮೊದಲ ಲೀಗ್ ಪ್ರಶಸ್ತಿಗೆ 2002ರವರೆಗೆ, ಕ್ರಿಶ್ಚಿಯನ್ ಗ್ರಾಸ್ ತರಬೇತಿಯ ಕಾಲದವರೆಗೆ ಕಾಯಬೇಕಾಯಿತು.

ಶಾಲಾ ಬಸ್ಸಿನ ಚಾಲಕನೊಬ್ಬ ಬಾಸೆಲ್ ತಾರೆಯಾದ ಕಥೆ ನಿಜವೇ?

ನಿಜ. ಆಸ್ಟ್ರೇಲಿಯಾದ ಸ್ಕಾಟ್ ಚಿಪ್ಪರ್‌ಫೀಲ್ಡ್ ತನ್ನೂರು ವುಲೊಂಗಾಂಗ್‌ನಲ್ಲಿ ಆಡುತ್ತಲೇ ಶಾಲಾ ಮಕ್ಕಳ ಬಸ್ಸು ಓಡಿಸಿ ಜೀವನ ಸಾಗಿಸುತ್ತಿದ್ದ. 2001ರಲ್ಲಿ ಬಾಸೆಲ್‌ಗೆ ಬಂದಾಗ ಅವನಿಗೆ ಇಪ್ಪತ್ತೈದು ವರ್ಷ. ಯುರೋಪಿಗೆ ಹೊಸಬನಾಗಿ ಬರಲು ಅದು ತಡವೇ. ಹನ್ನೊಂದು ವರ್ಷ ಆಡಿ, ಏಳು ಲೀಗ್ ಪ್ರಶಸ್ತಿಗಳೊಂದಿಗೆ 2012ರಲ್ಲಿ ಬೀಳ್ಕೊಂಡ.

ಮೊಹಮದ್ ಸಲಾಹ್‌ನನ್ನು ಬಾಸೆಲ್ ಕಂಡುಕೊಂಡದ್ದು ಹೇಗೆ?

ಇದನ್ನು ಹೇಳುವಾಗ 'ಅರ್ಧ ಪಂದ್ಯ ಸಾಕಾಯಿತು' ಎಂದು ಮುಗಿಸಿಬಿಡುವವರೇ ಹೆಚ್ಚು. ಆ ಅರ್ಧ ಪಂದ್ಯದ ಹಿಂದೆ ದೊಡ್ಡದೊಂದು ದುರಂತವಿದೆ. 2012ರ ಫೆಬ್ರವರಿ 1ರಂದು ಈಜಿಪ್ಟಿನ ಪೋರ್ಟ್ ಸೈದ್ ಕ್ರೀಡಾಂಗಣದಲ್ಲಿ ನಡೆದ ಹಿಂಸಾಚಾರದಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತು, ಅಲ್ಲಿನ ಲೀಗ್ ನಿಂತುಹೋಯಿತು. ಕೈರೋದ ಅಲ್ ಮೊಕಾವ್ಲೂನ್ ತಂಡದ ಹತ್ತೊಂಬತ್ತರ ಹುಡುಗ ಸಲಾಹ್‌ನಿಗೆ ಆಡಲು ಪಂದ್ಯಗಳೇ ಇಲ್ಲದಂತಾಯಿತು. ಬಾಸೆಲ್ ಅವನ ಮೇಲೆ ಮೊದಲೇ ಕಣ್ಣಿಟ್ಟಿತ್ತು. ಲೀಗ್ ಇಲ್ಲದ ಮೇಲೆ ನೋಡುವುದೆಲ್ಲಿ? ಅದಕ್ಕಾಗಿ ಈಜಿಪ್ಟಿನ 23 ವರ್ಷದೊಳಗಿನವರ ತಂಡವನ್ನೇ ಕರೆಸಿ ಮಾರ್ಚ್ 16ರಂದು ಸ್ನೇಹಪಂದ್ಯ ಏರ್ಪಡಿಸಲಾಯಿತು. ಅದು ನಡೆದದ್ದು ದೊಡ್ಡ ಯೊಗ್ಗೆಲಿಯಲ್ಲಲ್ಲ, ರಾಂಕ್‌ಹೋಫ್ ಎಂಬ ಸಣ್ಣ ಮೈದಾನದಲ್ಲಿ.

ಮೊದಲರ್ಧದಲ್ಲಿ ಸಲಾಹ್ ಬೆಂಚಿನ ಮೇಲೆ ಕುಳಿತಿದ್ದ. ಯಾರನ್ನು ನೋಡಲು ಇಷ್ಟೆಲ್ಲ ಏರ್ಪಾಡು ಮಾಡಲಾಗಿತ್ತೋ ಅವನೇ ಆಟದಲ್ಲಿಲ್ಲ. ಎರಡನೆಯ ಅರ್ಧದಲ್ಲಿ ಇಳಿದು ಎರಡು ಗೋಲು ಹೊಡೆದ. ಈಜಿಪ್ಟ್ 4-3ರಿಂದ ಗೆದ್ದಿತು. ಅವನನ್ನು ಇನ್ನೊಂದು ವಾರ ಉಳಿಸಿಕೊಂಡು ತರಬೇತಿಯಲ್ಲಿ ಪರೀಕ್ಷಿಸಿ, ಏಪ್ರಿಲ್‌ನಲ್ಲಿ ನಾಲ್ಕು ವರ್ಷದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಅದಾಗಿ ಎರಡು ವರ್ಷ ತುಂಬುವುದರೊಳಗೆ ಅವನು ಚೆಲ್ಸಿಗೆ ಹೋದ. ಚೆಲ್ಸಿಯ ಗಮನ ಅವನತ್ತ ಹೊರಳಿದ್ದರಲ್ಲಿ ಆಶ್ಚರ್ಯವಿಲ್ಲ: 2013ರ ಚಾಂಪಿಯನ್ಸ್ ಲೀಗ್‌ನಲ್ಲಿ ಬಾಸೆಲ್ ಆ ತಂಡವನ್ನು ಲಂಡನ್ನಿನಲ್ಲಿ 2-1ರಿಂದಲೂ ತನ್ನೂರಿನಲ್ಲಿ 1-0ಯಿಂದಲೂ ಸೋಲಿಸಿದಾಗ ಎರಡೂ ಪಂದ್ಯಗಳಲ್ಲಿ ಅವನೇ ಗೋಲು ಹೊಡೆದಿದ್ದ.

ಇಂಗ್ಲೆಂಡಿನ ತಂಡಗಳಿಗೆ ಬಾಸೆಲ್ ಎಂದರೆ ಭಯವೇ?

ಭಯವೆನ್ನುವುದು ಹೆಚ್ಚಾದೀತು, ಕಹಿ ನೆನಪುಗಳಂತೂ ಸಾಕಷ್ಟಿವೆ. ಎಲ್ಲವೂ ಚಾಂಪಿಯನ್ಸ್ ಲೀಗ್‌ನವು. 2002ರ ನವೆಂಬರ್ 12ರಂದು ಲಿವರ್‌ಪೂಲ್ ವಿರುದ್ಧ ಅರ್ಧ ಗಂಟೆಯೊಳಗೆ 3-0 ಮುಂದಿದ್ದ ಬಾಸೆಲ್ ಕೊನೆಗೆ 3-3ರ ಸಮಬಲಕ್ಕೆ ಇಳಿದರೂ, ಮುಂದಿನ ಸುತ್ತಿಗೆ ಹೋದದ್ದು ಬಾಸೆಲ್, ಹೊರಬಿದ್ದದ್ದು ಲಿವರ್‌ಪೂಲ್. 2011ರ ಡಿಸೆಂಬರ್ 7ರಂದು ಶ್ಟ್ರೆಲರ್ ಮತ್ತು ಅಲೆಕ್ಸಾಂಡರ್ ಫ್ರೈ ಗೋಲುಗಳಿಂದ ಮ್ಯಾಂಚೆಸ್ಟರ್ ಯುನೈಟೆಡ್ 2-1ರಿಂದ ಸೋತು ಗುಂಪು ಹಂತದಲ್ಲೇ ಮನೆಗೆ ಹೋಯಿತು. ನಂತರದ ಸುತ್ತಿನಲ್ಲಿ ಬಯರ್ನ್ ಮ್ಯೂನಿಕ್ಕನ್ನು 1-0ಯಿಂದ ಸೋಲಿಸಿ ಬೀಗಿದ್ದ ಬಾಸೆಲ್, ಮರುಪಂದ್ಯದಲ್ಲಿ 0-7ರಿಂದ ಸೋತದ್ದನ್ನೂ ಇಲ್ಲಿ ಹೇಳದಿದ್ದರೆ ಪಕ್ಷಪಾತವಾಗುತ್ತದೆ. 2018ರಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಅದರ ಮೈದಾನದಲ್ಲೇ 2-1ರಿಂದ ಸೋಲಿಸಿದ್ದೂ ಉಂಟು, ಆದರೆ ಮೊದಲ ಪಂದ್ಯದಲ್ಲಿ ತಿಂದ ನಾಲ್ಕು ಗೋಲುಗಳ ಸಾಲ ಅದರಿಂದ ತೀರಲಿಲ್ಲ.

ಬಾಸೆಲ್‌ನವರು ಮೇ 13ರ ಮಾತೆತ್ತಲು ಬಯಸುವುದಿಲ್ಲವೇಕೆ?

2006ರ ಆ ದಿನ ಋತುವಿನ ಕೊನೆಯ ಪಂದ್ಯದಲ್ಲಿ ಎಫ್‌ಸಿ ಜ್ಯೂರಿಖ್ ಎದುರು ಸೋಲದೆ ಉಳಿದಿದ್ದರೆ ಪ್ರಶಸ್ತಿ ಬಾಸೆಲ್‌ನದು. 93ನೇ ನಿಮಿಷದವರೆಗೆ 1-1 ಇತ್ತು. ಆಗ ರೊಮೇನಿಯಾದ ಯೂಲಿಯಾನ್ ಫಿಲಿಪೆಸ್ಕು ಹೊಡೆದ ಗೋಲಿನಿಂದ ಜ್ಯೂರಿಖ್ ಗೆದ್ದು, ಗೋಲು ವ್ಯತ್ಯಾಸದ ಆಧಾರದ ಮೇಲೆ ಚಾಂಪಿಯನ್ ಆಯಿತು. ಸಿಟ್ಟಿಗೆದ್ದ ಬಾಸೆಲ್ ಬೆಂಬಲಿಗರು ಮೈದಾನಕ್ಕೆ ನುಗ್ಗಿ ಆಟಗಾರರ ಮೇಲೆ ಕೈಮಾಡಿದರು. ಶಿಕ್ಷೆಯಾಗಿ ಕೆಲವು ಪಂದ್ಯಗಳನ್ನು ಖಾಲಿ ಕ್ರೀಡಾಂಗಣದಲ್ಲಿ ಆಡಬೇಕಾಯಿತು. ಸೋಲಿಗಿಂತ ಈ ನಡವಳಿಕೆಯೇ ಊರಿಗೆ ಹೆಚ್ಚು ನಾಚಿಕೆ ತಂದಿತು.

ಅಣ್ಣ-ತಮ್ಮ ಎರಡು ದೇಶಗಳಿಗೆ ಆಡಿದ ಪ್ರಸಂಗ ಯಾವುದು?

ಕೊಸೊವೊದಿಂದ ವಲಸೆ ಬಂದ ಕುಟುಂಬದಲ್ಲಿ, ಬಾಸೆಲ್‌ನಲ್ಲಿ ಹುಟ್ಟಿದ ಟೌಲಾಂಟ್ ಮತ್ತು ಗ್ರಾನಿಟ್ ಜಾಕಾ ಇಬ್ಬರೂ ಇದೇ ಕ್ಲಬ್ಬಿನಲ್ಲಿ ಬೆಳೆದವರು. ಅಣ್ಣ ಅಲ್ಬೇನಿಯಾವನ್ನೂ ತಮ್ಮ ಸ್ವಿಟ್ಜರ್ಲೆಂಡನ್ನೂ ಆರಿಸಿಕೊಂಡರು. 2016ರ ಯುರೋದಲ್ಲಿ ಫ್ರಾನ್ಸಿನ ಲಾನ್ಸ್ ನಗರದಲ್ಲಿ ಇಬ್ಬರೂ ಎದುರುಬದುರಾದಾಗ ತಾಯಿ ತೊಟ್ಟು ಬಂದ ಅಂಗಿಯಲ್ಲಿ ಎರಡೂ ದೇಶಗಳ ಧ್ವಜಗಳು ಅರ್ಧರ್ಧ ಸೇರಿದ್ದವು. ಸ್ವಿಟ್ಜರ್ಲೆಂಡ್ 1-0ಯಿಂದ ಗೆದ್ದಿತು. ತಮ್ಮ ಜರ್ಮನಿಗೂ ಇಂಗ್ಲೆಂಡಿಗೂ ಹೋಗಿ ಹೆಸರು ಮಾಡಿದರೆ, ಅಣ್ಣ ಸಣ್ಣದೊಂದು ಅವಧಿಯನ್ನು ಬಿಟ್ಟು ಬಾಸೆಲ್‌ನಲ್ಲೇ ಉಳಿದ.

ಇದೇ ಅಂಗಳದಿಂದ ಹೋದ ಇವಾನ್ ರಾಕಿಟಿಚ್ ಆರಿಸಿದ್ದು ತಂದೆತಾಯಿಯ ಕ್ರೊಯೇಷಿಯಾವನ್ನು. ಬಾಸೆಲ್ ಹತ್ತಿರದ ರೈನ್‌ಫೆಲ್ಡನ್‌ನಲ್ಲಿ ಹುಟ್ಟಿದ ಅವನು ಒಂದು ಕೆಂಪು-ನೀಲಿಯಿಂದ ಇನ್ನೊಂದು ಕೆಂಪು-ನೀಲಿಗೆ ಹೋಗಿ, 2015ರ ಚಾಂಪಿಯನ್ಸ್ ಲೀಗ್ ಫೈನಲ್‌ನ ನಾಲ್ಕನೇ ನಿಮಿಷದಲ್ಲೇ ಬಾರ್ಸಿಲೋನಾ ಪರ ಗೋಲು ಹೊಡೆದ.

ರೋಜರ್ ಫೆಡರರ್ ಈ ತಂಡದ ಬೆಂಬಲಿಗರೇ?

ಹೌದು. ಬಾಸೆಲ್‌ನಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿ ಚೆಂಡು ಹೆಕ್ಕುವ ಹುಡುಗನಾಗಿದ್ದ, ಮುಂದೆ ಹತ್ತು ಬಾರಿ ಗೆದ್ದ ಸ್ವಿಸ್ ಇಂಡೋರ್ಸ್ ಟೆನಿಸ್ ಪಂದ್ಯಾವಳಿ ನಡೆಯುವ ಸಭಾಂಗಣ ಯೊಗ್ಗೆಲಿಯ ಪಕ್ಕದಲ್ಲೇ ಇದೆ.

ಈವರೆಗೆ ಎಷ್ಟು ಪ್ರಶಸ್ತಿ? ಗೆದ್ದಾಗ ಊರು ಎಲ್ಲಿ ಸೇರುತ್ತದೆ?

2025ರ ಬೇಸಿಗೆಯ ಲೆಕ್ಕದಂತೆ 21 ಲೀಗ್ ಪ್ರಶಸ್ತಿ, 14 ಸ್ವಿಸ್ ಕಪ್. ಅವುಗಳಲ್ಲಿ ಎಂಟು ಲೀಗ್ ಪ್ರಶಸ್ತಿಗಳು 2010ರಿಂದ 2017ರವರೆಗೆ ಸತತವಾಗಿ ಬಂದವು. ಆಮೇಲೆ ಎಂಟು ವರ್ಷಗಳ ಬರ. ಹದಿಹರೆಯದಲ್ಲಿ ಇಲ್ಲಿಂದಲೇ ಬೆಳಕಿಗೆ ಬಂದು 2012ರಲ್ಲಿ ಬಯರ್ನ್‌ಗೆ ಹೋಗಿದ್ದ ಜೆರ್ಡಾನ್ ಶಚಿರಿ, ಮ್ಯೂನಿಕ್, ಮಿಲಾನ್, ಲಿವರ್‌ಪೂಲ್, ಷಿಕಾಗೋ ಎಲ್ಲ ಸುತ್ತಿ 2024ರಲ್ಲಿ ಮರಳಿ ಬಂದ. ಆ ಋತುವಿನಲ್ಲೇ ಲೀಗ್ ಮತ್ತು ಕಪ್ ಎರಡೂ ಬಾಸೆಲ್‌ಗೆ ಬಂದವು. ಗೆದ್ದಾಗ ಊರು ಸೇರುವುದು ಹಳೆಯ ಪೇಟೆಯ ಬಾರ್‌ಫ್ಯೂಸರ್ ಚೌಕದಲ್ಲಿ, ಆಡುಮಾತಿನ 'ಬಾರ್ಫಿ'ಯಲ್ಲಿ. ಆಟಗಾರರು ಪಕ್ಕದ ಕಸೀನೋ ಕಟ್ಟಡದ ಬಾಲ್ಕನಿಗೆ ಬಂದು ಕಪ್ ಎತ್ತಿ ತೋರಿಸುತ್ತಾರೆ, ಕೆಳಗೆ ನಿಂತವರು ಕೆಂಪು-ನೀಲಿ ಶಾಲು ಬೀಸುತ್ತಾರೆ.